ಕ್ರಿಸ್ಟೀನ್ ಕ್ರಾಫ್ಟ್: ಸುದ್ದಿಗಿಂತ ಮುಖವೇ ದೊಡ್ಡದಾದಾಗ

ರಾತ್ರಿ ಊಟಕ್ಕೆ ಮೊದಲು ಟಿ.ವಿ. ಮುಂದೆ ಕುಳಿತು ವಾರ್ತೆ ನೋಡುವುದು ನಮ್ಮಲ್ಲಿ ಹಲವು ಮನೆಗಳ ರೂಢಿ. ವಾರ್ತೆ ನೋಡುತ್ತಾ ನಾವು ಆಡುವ ಮಾತುಗಳನ್ನು ಒಮ್ಮೆ ನೆನಪಿಸಿಕೊಳ್ಳೋಣ. ವಾರ್ತೆ ಓದುವವರು ಗಂಡಸಾದರೆ ನಮ್ಮ ಮಾತು ಸುದ್ದಿಯ ಮೇಲೆ ಹೋಗುತ್ತದೆ. ಹೆಂಗಸಾದರೆ ಮೊದಲ ಮಾತು ಸೀರೆಯ ಮೇಲೆ, ಎರಡನೆಯದು ಕೂದಲಿನ ಮೇಲೆ, ಮೂರನೆಯದು 'ಈಕೆ ಯಾಕೋ ದಪ್ಪಗಾಗಿದ್ದಾಳೆ' ಎಂಬುದರ ಮೇಲೆ. ಇದನ್ನು ನಾವು ಕೆಟ್ಟ ಮನಸ್ಸಿನಿಂದ ಹೇಳುವುದಿಲ್ಲ. ಬಾಯಿಗೆ ಬಂದದ್ದನ್ನು ಹೇಳಿ ಊಟಕ್ಕೆ ಏಳುತ್ತೇವೆ, ಅಷ್ಟೆ.

ಆದರೆ ಇಂಥದೇ ಮಾತುಗಳನ್ನು ಯಾರಾದರೂ ಲೆಕ್ಕಹಾಕಿ, ಪಟ್ಟಿಮಾಡಿ, ಕೆಲಸ ಕೊಡುವವರ ಮೇಜಿನ ಮೇಲೆ ಇಟ್ಟರೆ ಏನಾಗುತ್ತದೆ? ಅಮೆರಿಕದ ಕಾನ್ಸಾಸ್ ಸಿಟಿ ಎಂಬ ನಗರದಲ್ಲಿ 1981ರಲ್ಲಿ ಹಾಗೆಯೇ ಆಯಿತು. ಅದರಿಂದ ಕೆಲಸ ಕಳೆದುಕೊಂಡ ವಾರ್ತಾವಾಚಕಿ ಕ್ರಿಸ್ಟೀನ್ ಕ್ರಾಫ್ಟ್ ಸುಮ್ಮನೆ ಕೂರಲಿಲ್ಲ. ಅವರು ಹೂಡಿದ ದಾವೆ ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ಬಾಗಿಲವರೆಗೂ ಹೋಯಿತು. ಮಾಧ್ಯಮದಲ್ಲಿ ದುಡಿಯಬಯಸುವ ನಮ್ಮ ಹೆಣ್ಣುಮಕ್ಕಳೂ, ಅವರನ್ನು ಪರದೆಯ ಮೇಲೆ ನೋಡುವ ನಾವೂ ತಿಳಿದಿರಬೇಕಾದ ಪ್ರಕರಣ ಇದು.

ಊರಿನ ವಾಹಿನಿ, ಊರಿನ ಮುಖ

ಮೊದಲು ಅಲ್ಲಿನ ವ್ಯವಸ್ಥೆಯನ್ನು ಸ್ವಲ್ಪ ತಿಳಿದುಕೊಳ್ಳೋಣ. ಎನ್‌ಬಿಸಿ, ಸಿಬಿಎಸ್, ಎಬಿಸಿ ಎಂಬ ದೊಡ್ಡ ಜಾಲಗಳು ಅಮೆರಿಕದಲ್ಲಿ ಇಡೀ ದೇಶಕ್ಕೆ ಕಾರ್ಯಕ್ರಮ ನೀಡುತ್ತವೆ. ಆದರೆ ಅವುಗಳನ್ನು ಮನೆಮನೆಗೆ ತಲುಪಿಸುವುದು ಪ್ರತಿ ನಗರದಲ್ಲಿರುವ ಸ್ಥಳೀಯ ವಾಹಿನಿ. ಆ ಸ್ಥಳೀಯ ವಾಹಿನಿ ಸಂಜೆ ಮತ್ತು ರಾತ್ರಿ ತನ್ನದೇ ವಾರ್ತೆಯನ್ನು ಪ್ರಸಾರ ಮಾಡುತ್ತದೆ. ಊರಿನ ಬೆಂಕಿ ಅನಾಹುತ, ಶಾಲಾ ಮಂಡಳಿಯ ಸಭೆ, ಹವಾಮಾನ, ಆಟೋಟ ಎಲ್ಲವೂ ಅದರಲ್ಲಿ ಬರುತ್ತವೆ. ಅಂಗಡಿ ಮುಂಗಟ್ಟುಗಳ ಜಾಹೀರಾತು ಆ ಹೊತ್ತಿಗೆ ಹೆಚ್ಚು ಬರುವುದರಿಂದ ಸ್ಥಳೀಯ ವಾರ್ತೆಯೇ ಆ ವಾಹಿನಿಗಳ ದೊಡ್ಡ ಆದಾಯದ ಮೂಲ.

ಈ ವಾರ್ತೆಯನ್ನು ನಡೆಸಿಕೊಡುವವರನ್ನು 'ಆ್ಯಂಕರ್' ಎನ್ನುತ್ತಾರೆ. ಹಡಗನ್ನು ಒಂದೆಡೆ ನಿಲ್ಲಿಸುವ ಲಂಗರು ಎಂಬುದು ಆ ಪದದ ಅರ್ಥ. ನಿರೂಪಕರು ಕೇವಲ ಬರೆದುಕೊಟ್ಟದ್ದನ್ನು ಓದುವವರೆಂದು ನಾವು ತಿಳಿಯುತ್ತೇವೆ. ಕ್ಯಾಮೆರಾದ ಮುಂದಿರುವ ಗಾಜಿನ ಮೇಲೆ ಸಾಲುಗಳು ಸರಿಯುತ್ತಿರುವುದೂ ಅವರು ಅದನ್ನು ನೋಡಿ ಓದುವುದೂ ನಿಜ. ಆದರೆ ಒಳ್ಳೆಯ ಸ್ಥಳೀಯ ನಿರೂಪಕರು ಹಗಲಿಡೀ ವರದಿಗಾರಿಕೆ ಮಾಡುತ್ತಾರೆ, ಸುದ್ದಿಯನ್ನು ತಾವೇ ಬರೆಯುತ್ತಾರೆ, ಪ್ರಸಾರ ನಡೆಯುತ್ತಿರುವಾಗ ಹಠಾತ್ತನೆ ಬಂದ ಸುದ್ದಿಯನ್ನು ತಡವರಿಸದೆ ಹೇಳುತ್ತಾರೆ. ವರ್ಷಗಟ್ಟಲೆ ಅದೇ ಮುಖವನ್ನು ನೋಡಿ ನೋಡಿ ಜನರಿಗೆ ಅವರು ಮನೆಯವರಂತೆಯೇ ಆಗಿಬಿಡುತ್ತಾರೆ.

ಹೀಗಾಗಿ ಮುಖ ಎಂಬುದು ವ್ಯಾಪಾರದ ವಸ್ತುವೂ ಆಯಿತು. ಎಷ್ಟು ಮನೆಗಳಲ್ಲಿ ಯಾವ ವಾಹಿನಿ ನೋಡುತ್ತಾರೆ ಎಂಬ ಲೆಕ್ಕವನ್ನು ರೇಟಿಂಗ್ ಎನ್ನುತ್ತಾರೆ. ರೇಟಿಂಗ್ ಒಂದಿಷ್ಟು ಏರಿದರೆ ಜಾಹೀರಾತಿನ ದರವೂ ಏರುತ್ತದೆ. 1970ರ ದಶಕದಲ್ಲಿ ಅಮೆರಿಕದ ವಾಹಿನಿಗಳು ರೇಟಿಂಗ್ ಏರಿಸುವ ಉಪಾಯ ಹೇಳಿಕೊಡಲು ಸಲಹಾ ಸಂಸ್ಥೆಗಳನ್ನು ನೇಮಿಸಿಕೊಳ್ಳತೊಡಗಿದವು. ನಿರೂಪಕರ ಕೇಶವಿನ್ಯಾಸ, ಉಡುಪು, ನಗು, ಒಬ್ಬರೊಡನೊಬ್ಬರು ಆಡುವ ಹರಟೆ ಎಲ್ಲದರ ಬಗ್ಗೆಯೂ ಈ ಸಂಸ್ಥೆಗಳು ಸಲಹೆ ಕೊಡುತ್ತಿದ್ದವು.

ಕಡಲತೀರದಿಂದ ಕಾನ್ಸಾಸ್ ಸಿಟಿಗೆ

ಕ್ರಾಫ್ಟ್ ಅವರು ಕ್ಯಾಲಿಫೋರ್ನಿಯದ ಕಡಲತೀರದಲ್ಲಿ ಅಲೆಗಳ ಮೇಲೆ ಹಲಗೆ ಸವಾರಿ ಮಾಡುತ್ತಾ ಬೆಳೆದ ಹೆಣ್ಣುಮಗಳು. 1970ರ ದಶಕದ ಮಧ್ಯದಲ್ಲಿ ಸಲೀನಸ್ ಎಂಬ ಊರಿನ ಸಣ್ಣ ವಾಹಿನಿಯೊಂದರಲ್ಲಿ ಹವಾಮಾನ ಹೇಳುವ ಕೆಲಸಕ್ಕೆ ಸೇರಿದರು. ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೋದ ವಾಹಿನಿಗೆ, ಆಮೇಲೆ ಸಿಬಿಎಸ್ ಜಾಲದ ಕ್ರೀಡಾ ಕಾರ್ಯಕ್ರಮದಲ್ಲಿ ಮಹಿಳಾ ಕ್ರೀಡೆಗಳ ನಿರೂಪಣೆಗೆ ಹೋದರು. ಸಿಬಿಎಸ್‌ನಲ್ಲಿ ಅವರ ಕೂದಲಿನ ಬಣ್ಣ ಬದಲಿಸಿ ಹೊಂಬಣ್ಣ ಮಾಡಿದರು, ದಟ್ಟವಾದ ಮೇಕಪ್ ಹಚ್ಚಿದರು. ಕನ್ನಡಿಯಲ್ಲಿ ಕಂಡದ್ದು ತಾನಲ್ಲ ಎಂಬ ಕಹಿ ಅವರಲ್ಲಿ ಉಳಿಯಿತು. ಮುಂದೆ ಸ್ಯಾಂಟಾ ಬಾರ್ಬರಾ ಎಂಬ ಕಡಲೂರಿನ ವಾಹಿನಿಯಲ್ಲಿ ವರದಿಗಾರ್ತಿಯೂ ನಿರೂಪಕಿಯೂ ಆಗಿ ನೆಮ್ಮದಿಯಿಂದಿದ್ದರು.

ಕಾನ್ಸಾಸ್ ಸಿಟಿಯ ಕೆ.ಎಂ.ಬಿ.ಸಿ. ವಾಹಿನಿಯಿಂದ ಅವರಿಗೆ ಕರೆ ಬಂದದ್ದು 1980ರ ಕೊನೆಯಲ್ಲಿ. ಆಗ ಆ ವಾಹಿನಿಯ ಒಡೆತನ ಮೆಟ್ರೊಮೀಡಿಯಾ ಎಂಬ ಕಂಪನಿಯದಾಗಿತ್ತು. ಒಬ್ಬ ಪುರುಷ ನಿರೂಪಕರು ಮಾತ್ರ ನಡೆಸುತ್ತಿದ್ದ ವಾರ್ತೆಯಲ್ಲಿ ಜೊತೆಗೊಬ್ಬ ಮಹಿಳೆ ಇದ್ದರೆ ಬಿಗುವು ಸಡಿಲವಾದೀತು ಎಂಬುದು ವಾಹಿನಿಯ ಆಲೋಚನೆ. ಸಿಬಿಎಸ್‌ನ ಅನುಭವವನ್ನು ಕ್ರಾಫ್ಟ್ ಮೊದಲೇ ಅವರಿಗೆ ತಿಳಿಸಿದ್ದರು. ತನ್ನ ರೂಪ ಬದಲಿಸುವ ಉದ್ದೇಶವಿದ್ದರೆ ತಾನು ಬರುವುದಿಲ್ಲವೆಂದೂ, ಪತ್ರಕರ್ತೆಯಾಗಿ ತನಗಿರುವ ಅನುಭವಕ್ಕಾಗಿಯೇ ಕರೆಯುತ್ತೇವೆಂದು ವಾಹಿನಿ ಭರವಸೆ ಕೊಟ್ಟಿತೆಂದೂ ಅವರು ಮುಂದೆ ನ್ಯಾಯಾಲಯದಲ್ಲಿ ಹೇಳಿದರು. 1981ರ ಜನವರಿಯಲ್ಲಿ, ತಮ್ಮ 36ನೇ ಹರೆಯದಲ್ಲಿ, ಅವರು ಅಲ್ಲಿ ಕೆಲಸಕ್ಕೆ ಸೇರಿದರು.

ದಿನಕ್ಕೊಂದು ದಿರಿಸಿನ ಪಟ್ಟಿ

ಸ್ವಲ್ಪ ಸಮಯದಲ್ಲೇ ಅವರ ಉಡುಗೆ ಮತ್ತು ಮೇಕಪ್ ಬಗ್ಗೆ ಸೂಚನೆಗಳು ಶುರುವಾದವು. ಸಲಹಾ ಸಂಸ್ಥೆಯಿಂದ ಬಂದವರು ಮೇಕಪ್ ಹೇಗೆ ಹಚ್ಚಿಕೊಳ್ಳಬೇಕೆಂದು ತೋರಿಸಿದರು. ದೊಡ್ಡ ಬಟ್ಟೆ ಮಳಿಗೆಯೊಂದರಿಂದ ಉಡುಪುಗಳನ್ನು ತರಿಸಿದರು. ಯಾವ ದಿನ ಯಾವ ಮೇಲಂಗಿ, ಯಾವ ಕೋಟು ಎಂಬ ಒಂದು ಕ್ಯಾಲೆಂಡರನ್ನೇ ತಯಾರಿಸಿ ಅವರ ಕೈಗೆ ಕೊಟ್ಟರು.

ಆ ವರ್ಷದ ಬೇಸಿಗೆಯ ಹೊತ್ತಿಗೆ ಸಲಹಾ ಸಂಸ್ಥೆ ವೀಕ್ಷಕರ ಅಭಿಪ್ರಾಯ ಸಂಗ್ರಹಕ್ಕೆ ಹೊರಟಿತು. ಇದಕ್ಕೆ ಎರಡು ವಿಧಾನಗಳಿದ್ದವು. ಮೊದಲನೆಯದು, ಕೆಲವು ವೀಕ್ಷಕರ ಸಣ್ಣ ಗುಂಪನ್ನು ಒಂದು ಕೋಣೆಯಲ್ಲಿ ಕೂರಿಸಿ, ಪರದೆಯ ಮೇಲೆ ನಿರೂಪಕರನ್ನು ತೋರಿಸಿ, ಮನಸ್ಸಿಗೆ ಬಂದದ್ದನ್ನು ಹೇಳಿಸುವುದು. ಇದನ್ನು 'ಫೋಕಸ್ ಗ್ರೂಪ್' ಎನ್ನುತ್ತಾರೆ. ಎರಡನೆಯದು, ಸುಮಾರು 400 ಮಂದಿಗೆ ಫೋನ್ ಮಾಡಿ ಇತರ ವಾಹಿನಿಗಳ ನಿರೂಪಕಿಯರೊಂದಿಗೆ ಹೋಲಿಸಿ ಪ್ರಶ್ನೆ ಕೇಳುವುದು. ಎರಡರಲ್ಲೂ ಕ್ರಾಫ್ಟ್ ಅವರ ಬಗ್ಗೆ ಬಂದ ಉತ್ತರ ಅನುಕೂಲಕರವಾಗಿರಲಿಲ್ಲ. ಪ್ರಶ್ನೆ ಕೇಳಿದ ಧಾಟಿಯೇ ಆಕೆಯ ರೂಪವನ್ನು ಹಳಿಯುವಂತೆ ಪ್ರೇರೇಪಿಸುತ್ತಿತ್ತು ಎಂಬುದು ಆಮೇಲೆ ಅವರ ಕಡೆಯವರ ಆಕ್ಷೇಪವಾಗಿತ್ತು.

1981ರ ಆಗಸ್ಟ್ ತಿಂಗಳಲ್ಲಿ ಸುದ್ದಿ ನಿರ್ದೇಶಕರು ಅವರನ್ನು ಕರೆದು, ನಿರೂಪಣೆಯಿಂದ ತೆಗೆದು ವರದಿಗಾರ್ತಿಯಾಗಿ ಮುಂದುವರಿಸುತ್ತೇವೆ ಎಂದರು. ಕಾರಣವೇನು? ವೀಕ್ಷಕರ ದೃಷ್ಟಿಯಲ್ಲಿ ಆಕೆಗೆ ವಯಸ್ಸಾಗಿದೆ, ಅಂದವಿಲ್ಲ, ಗಂಡಸರೆದುರು ತಗ್ಗಿ ನಡೆಯುವುದಿಲ್ಲ, ಈ ಮೂರು ಕಾರಣಗಳನ್ನು ತನಗೆ ಹೇಳಲಾಯಿತು ಎಂದು ಕ್ರಾಫ್ಟ್ ಪ್ರಮಾಣ ಮಾಡಿ ನುಡಿದರು. ಅಂಥ ಮಾತನ್ನು ತಾನು ಆಡಿಯೇ ಇಲ್ಲವೆಂದು ನಿರ್ದೇಶಕರು ಹೇಳಿದರು. ಕೆಲಸದಲ್ಲಿ ಏನಾದರೂ ತಪ್ಪಾಗಿತ್ತೆ? ತಾನಿದ್ದಾಗ ವಾಹಿನಿಯ ವಾರ್ತೆ ರೇಟಿಂಗ್‌ನಲ್ಲಿ ಮೊದಲ ಸ್ಥಾನಕ್ಕೆ ಏರಿತ್ತು ಎಂಬುದು ಕ್ರಾಫ್ಟ್ ಅವರ ಉತ್ತರ. ಅವರು ಕೆಳಗಿನ ಹುದ್ದೆಯನ್ನು ಒಪ್ಪದೆ ಸ್ಯಾಂಟಾ ಬಾರ್ಬರಾಕ್ಕೆ ಮರಳಿದರು.

ಇಲ್ಲಿ ಒಂದು ಹೋಲಿಕೆ ಗಮನಾರ್ಹ. ಅದೇ 1981ರ ಮಾರ್ಚ್ ತಿಂಗಳಲ್ಲಿ ಅಮೆರಿಕದ ಅತ್ಯಂತ ಪ್ರಸಿದ್ಧ ವಾರ್ತಾ ನಿರೂಪಕ ವಾಲ್ಟರ್ ಕ್ರಾಂಕೈಟ್ ತಮ್ಮ 64ನೇ ವಯಸ್ಸಿನಲ್ಲಿ ಸಿಬಿಎಸ್ ಸಂಜೆವಾರ್ತೆಯಿಂದ ನಿವೃತ್ತರಾದರು. ಅವರ ಬಿಳಿ ಮೀಸೆ, ಮುಖದ ಸುಕ್ಕುಗಳನ್ನು ಜನ ಅನುಭವದ, ವಿಶ್ವಾಸದ ಗುರುತೆಂದು ಕಂಡಿದ್ದರು. ಗಂಡಸಿನ ಮುಖದಲ್ಲಿ 64 ವರ್ಷ ಗೌರವವಾಯಿತು, ಹೆಂಗಸಿನ ಮುಖದಲ್ಲಿ 36 ವರ್ಷ ಅಪರಾಧವಾಯಿತು.

ನ್ಯಾಯಾಲಯದ ಮೆಟ್ಟಿಲಲ್ಲಿ

ಕ್ರಾಫ್ಟ್ ಅವರ ದಾವೆಯಲ್ಲಿ ಮುಖ್ಯವಾಗಿ ಮೂರು ದೂರುಗಳಿದ್ದವು. ಹೆಣ್ಣೆಂಬ ಕಾರಣಕ್ಕೆ ತನಗೆ ಬೇರೆ ಅಳತೆಗೋಲು ಹಿಡಿದರು ಎಂಬುದು ಮೊದಲನೆಯದು. ಸಹ ನಿರೂಪಕ ಪುರುಷನಿಗಿಂತ ಕಡಿಮೆ ಸಂಬಳ ಕೊಟ್ಟರು ಎಂಬುದು ಎರಡನೆಯದು. ರೂಪ ಬದಲಿಸುವುದಿಲ್ಲವೆಂದು ಸುಳ್ಳು ಭರವಸೆ ಕೊಟ್ಟು ಕೆಲಸಕ್ಕೆ ಕರೆದು ವಂಚಿಸಿದರು ಎಂಬುದು ಮೂರನೆಯದು.

ಮೊದಲ ವಿಚಾರಣೆ ಕಾನ್ಸಾಸ್ ಸಿಟಿಯಲ್ಲೇ ನಡೆಯಿತು. ಅಮೆರಿಕದಲ್ಲಿ ಇಂಥ ಮೊಕದ್ದಮೆಗಳಲ್ಲಿ ಸಾಮಾನ್ಯ ನಾಗರಿಕರ ಒಂದು ಮಂಡಳಿ, ಅಂದರೆ ಜ್ಯೂರಿ, ಸಾಕ್ಷ್ಯ ಕೇಳಿ ನಿರ್ಣಯ ಕೊಡುತ್ತದೆ. 1983ರ ಆಗಸ್ಟ್‌ನಲ್ಲಿ ಜ್ಯೂರಿ ಕ್ರಾಫ್ಟ್ ಪರವಾಗಿ ನಿಂತು, ವಂಚನೆಗಾಗಿ 5 ಲಕ್ಷ ಡಾಲರ್ ಕೊಡಬೇಕೆಂದಿತು. ತಾರತಮ್ಯ ನಡೆದಿದೆ ಎಂದೂ ಹೇಳಿತು. ಸಂಬಳದ ದೂರಿನಲ್ಲಿ ಮಾತ್ರ ಅವರಿಗೆ ಜಯ ಸಿಗಲಿಲ್ಲ. ದೇಶದ ಪತ್ರಿಕೆಗಳೆಲ್ಲ ಇದನ್ನು ದೊಡ್ಡ ಸುದ್ದಿ ಮಾಡಿದವು.

ಆದರೆ ಸಂತೋಷ ಹೆಚ್ಚು ದಿನ ಉಳಿಯಲಿಲ್ಲ. ಉದ್ಯೋಗದಲ್ಲಿನ ತಾರತಮ್ಯ ಕುರಿತ ಕಾನೂನಿನಡಿ ಆಗ ಕೊನೆಯ ಮಾತು ನ್ಯಾಯಾಧೀಶರದು, ಜ್ಯೂರಿಯ ಅಭಿಪ್ರಾಯ ಬರೇ ಸಲಹೆ. ಇಂಥ ದೂರುಗಳಲ್ಲಿ ಜ್ಯೂರಿ ವಿಚಾರಣೆ ಕೇಳುವ ಹಕ್ಕು ಬಂದದ್ದು 1991ರ ಕಾನೂನಿನಿಂದ. 1983ರ ಅಕ್ಟೋಬರ್‌ನಲ್ಲಿ ನ್ಯಾಯಾಧೀಶರು ತಾರತಮ್ಯ ನಡೆದಿಲ್ಲವೆಂದು ತೀರ್ಪಿತ್ತರು. ವಂಚನೆಯ ಪರಿಹಾರವನ್ನೂ ರದ್ದುಮಾಡಿ ಮರುವಿಚಾರಣೆಗೆ ಆಜ್ಞಾಪಿಸಿದರು. 1984ರ ಜನವರಿಯಲ್ಲಿ ಜಾಪ್ಲಿನ್ ಎಂಬ ಬೇರೊಂದು ಊರಿನಲ್ಲಿ, ಬೇರೆಯೇ ಜ್ಯೂರಿಯ ಮುಂದೆ ಮರುವಿಚಾರಣೆಯಾಯಿತು. ಎರಡನೇ ಜ್ಯೂರಿಯೂ ವಂಚನೆಯಾಗಿದೆ ಎಂದೇ ಹೇಳಿ 3,25,000 ಡಾಲರ್ ಕೊಡಿಸಿತು. ಬೇರೆ ಬೇರೆ ಊರಿನ ಎರಡು ಜ್ಯೂರಿಗಳು ಹೀಗೆ ಆಕೆಯ ಮಾತನ್ನೇ ನಂಬಿದವು.

ವಾಹಿನಿಯ ಕಂಪನಿ ಮೇಲ್ಮನವಿ ಸಲ್ಲಿಸಿತು. 1985ರ ಜೂನ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ವಂಚನೆಗೆ ಸಾಕಷ್ಟು ಪುರಾವೆಯಿಲ್ಲವೆಂದು ಆ ಹಣವನ್ನೂ ತಡೆಹಿಡಿಯಿತು. ಇನ್ನು ರೂಪದ ಪ್ರಶ್ನೆ. ಗಂಡಸರಿಗೂ ತೂಕ, ಉಡುಪಿನ ಬಗ್ಗೆ ಸೂಚನೆ ಕೊಡಲಾಗಿತ್ತು ಎಂದು ನ್ಯಾಯಾಲಯ ಗಮನಿಸಿತು. ದಿನದ ದಿರಿಸಿನ ಕ್ಯಾಲೆಂಡರ್ ಆಕೆಗೆ ಮಾತ್ರ ಕೊಟ್ಟಿದ್ದು ನಿಜವಾದರೂ, ಉಡುಗೆಯಲ್ಲಿ ಆಕೆಗಿದ್ದ ಕೊರತೆ ಅದಕ್ಕೆ ಕಾರಣವೇ ಹೊರತು ಹೆಣ್ಣೆಂಬುದಲ್ಲ ಎಂಬ ಕೆಳಗಿನ ನ್ಯಾಯಾಲಯದ ನಿಲುವನ್ನು ಎತ್ತಿಹಿಡಿಯಿತು. 1986ರ ಮಾರ್ಚ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಪ್ರಕರಣವನ್ನು ಕೈಗೆತ್ತಿಕೊಳ್ಳಲು ನಿರಾಕರಿಸಿತು. ವಿಚಾರಣೆಗೆ ತೆಗೆದುಕೊಳ್ಳಬೇಕೆಂದು ಹೇಳಿದ ನ್ಯಾಯಮೂರ್ತಿ ಒಬ್ಬರೇ. ಅವರು ಆ ಪೀಠದ ಮೊದಲ ಹಾಗೂ ಆಗ ಏಕೈಕ ಮಹಿಳೆಯಾಗಿದ್ದ ಸಾಂಡ್ರಾ ಡೇ ಓ'ಕಾನರ್.

'ಗಿರಾಕಿಗೆ ಇಷ್ಟವಿಲ್ಲ' ಎಂಬ ಸಬೂಬು

ಈ ತೀರ್ಪು ಸರಿಯೇ ತಪ್ಪೇ ಎಂಬ ಚರ್ಚೆ ಕಾನೂನು ಓದುವವರಲ್ಲಿ ಇಂದಿಗೂ ಇದೆ. ಅದನ್ನು ಅರಿಯಲು ಅದಕ್ಕೂ ಹಿಂದಿನ ಇನ್ನೊಂದು ಪ್ರಕರಣ ನೋಡಬೇಕು. ಪ್ಯಾನ್ ಆ್ಯಮ್ ವಿಮಾನ ಕಂಪನಿ ಕ್ಯಾಬಿನ್ ಪರಿಚಾರಿಕೆಗೆ ಹೆಂಗಸರನ್ನು ಮಾತ್ರ ತೆಗೆದುಕೊಳ್ಳುತ್ತಿತ್ತು. ಕೆಲಸ ಕೇಳಿದ ಗಂಡಸೊಬ್ಬರು ನ್ಯಾಯಾಲಯಕ್ಕೆ ಹೋದಾಗ, ಪ್ರಯಾಣಿಕರು ಇಷ್ಟಪಡುವುದು ಹೆಂಗಸರನ್ನೇ ಎಂದು ಕಂಪನಿ ವಾದಿಸಿತು. 1971ರಲ್ಲಿ ನ್ಯಾಯಾಲಯ ಆ ವಾದವನ್ನು ತಳ್ಳಿಹಾಕಿತು. ಗಿರಾಕಿಗಳ ಪೂರ್ವಗ್ರಹವನ್ನೇ ಕಾರಣ ಮಾಡಿಕೊಂಡರೆ ತಾರತಮ್ಯ ವಿರೋಧಿ ಕಾನೂನಿಗೆ ಅರ್ಥವೇ ಉಳಿಯುವುದಿಲ್ಲ ಎಂಬುದು ಅದರ ಸಾರ.

ಹಾಗಾದರೆ ವಿಮಾನದಲ್ಲಿ ಒಪ್ಪದ ಸಬೂಬು ವಾರ್ತೆಯಲ್ಲಿ ಹೇಗೆ ಒಪ್ಪಿಗೆಯಾಯಿತು? ವ್ಯತ್ಯಾಸ ಇಷ್ಟೇ. ಪ್ಯಾನ್ ಆ್ಯಮ್ ಗಂಡಸರಿಗೆ ಬಾಗಿಲನ್ನೇ ಮುಚ್ಚಿತ್ತು. ಕಾನ್ಸಾಸ್ ಸಿಟಿಯಲ್ಲಿ ಹೆಂಗಸಿಗೆ ಬಾಗಿಲು ತೆರೆದಿತ್ತು, ಒಳಗೆ ಬಂದ ಮೇಲೆ ಅಳೆಯುವ ಕೋಲು ಬೇರೆಯಾಗಿತ್ತು. ಮುಚ್ಚಿದ ಬಾಗಿಲು ಕಣ್ಣಿಗೆ ಕಾಣುತ್ತದೆ. ಬೇರೆ ಅಳತೆಗೋಲನ್ನು ಸಾಬೀತುಪಡಿಸುವುದು ಬಹಳ ಕಷ್ಟ.

ನಮ್ಮ ದೇಶದಲ್ಲೂ ಕಾಕತಾಳೀಯವೆಂಬಂತೆ ಅದೇ 1981ರ ಆಗಸ್ಟ್‌ನಲ್ಲಿ ಇಂಥದೊಂದು ತೀರ್ಪು ಬಂತು. ಏರ್ ಇಂಡಿಯಾದ ಗಗನಸಖಿಯರು ಹೂಡಿದ, ನರ್ಗೀಶ್ ಮಿರ್ಜಾ ಪ್ರಕರಣವೆಂದು ಹೆಸರಾದ ದಾವೆ ಅದು. ಗಗನಸಖಿ 35ಕ್ಕೆ ನಿವೃತ್ತಳಾಗಬೇಕು, ಮೊದಲ ಬಾರಿ ಗರ್ಭಿಣಿಯಾದರೆ ಕೆಲಸ ಬಿಡಬೇಕು ಎಂಬ ನಿಯಮಗಳು ಆಗ ಇದ್ದವು. ಸರ್ವೋಚ್ಚ ನ್ಯಾಯಾಲಯ ಗರ್ಭಿಣಿಯನ್ನು ತೆಗೆಯುವ ನಿಯಮವನ್ನು ರದ್ದುಪಡಿಸಿತು. 35ರ ನಂತರ ಯಾರನ್ನು ಮುಂದುವರಿಸಬೇಕೆಂದು ವ್ಯವಸ್ಥಾಪಕ ನಿರ್ದೇಶಕರು ತಮ್ಮ ಇಚ್ಛೆಯಂತೆ ನಿರ್ಧರಿಸುವ ಅಧಿಕಾರವನ್ನೂ ತೆಗೆದುಹಾಕಿತು. ಆದರೆ ಸೇವೆಗೆ ಸೇರಿದ ನಾಲ್ಕು ವರ್ಷದೊಳಗೆ ಮದುವೆಯಾಗಬಾರದೆಂಬ ನಿಯಮವನ್ನು ಹಾಗೆಯೇ ಉಳಿಸಿತು. ಎಲ್ಲ ಬಾಗಿಲುಗಳೂ ಒಂದೇ ದಿನ ತೆರೆಯಲಿಲ್ಲ.

ಸೋತ ಮೇಲೆ

ಕ್ರಾಫ್ಟ್ ಅವರಿಗೆ ಎರಡು ಜ್ಯೂರಿಗಳು ಕೊಡಿಸಿದ ಹಣದಲ್ಲಿ ಒಂದು ಕಾಸೂ ಕೈಗೆ ಬರಲಿಲ್ಲ. ದೊಡ್ಡ ಜಾಲಗಳ ಬಾಗಿಲೂ ಅವರಿಗೆ ತೆರೆಯಲಿಲ್ಲ. ಆದರೂ ಅವರು ವೃತ್ತಿ ಬಿಡಲಿಲ್ಲ. ಕ್ಯಾಲಿಫೋರ್ನಿಯದ ರಾಜಧಾನಿ ಸ್ಯಾಕ್ರಮೆಂಟೊದಲ್ಲಿ ಮತ್ತೆ ಟಿ.ವಿ. ವಾರ್ತೆಗೆ ಸೇರಿದರು, ರೇಡಿಯೊದಲ್ಲಿ ಸಂವಾದ ಕಾರ್ಯಕ್ರಮ ನಡೆಸಿದರು. ತನಗೆ ಹೇಳಿದರೆಂದ ಆ ಮೂರು ಕಾರಣಗಳನ್ನೇ ಶೀರ್ಷಿಕೆಯಾಗಿ ಇಟ್ಟು ಆತ್ಮಕಥೆ ಪ್ರಕಟಿಸಿದರು. ಅವಮಾನದ ಮಾತನ್ನು ಮುಚ್ಚಿಡದೆ ಪುಸ್ತಕದ ಮುಖಪುಟದಲ್ಲೇ ಅಚ್ಚುಹಾಕಿಸಿದರು. ನಡುವಯಸ್ಸಿನಲ್ಲಿ ಕಾನೂನು ಕಾಲೇಜು ಸೇರಿ, 1990ರ ದಶಕದಲ್ಲಿ ಪದವಿ ಪಡೆದು ವಕೀಲರಾದರು. ನ್ಯಾಯಾಲಯದಲ್ಲಿ ಸೋತವರು ನ್ಯಾಯಾಲಯದಲ್ಲೇ ಇತರರ ಪರ ನಿಲ್ಲುವುದನ್ನು ಕಲಿತರು.

ದಾವೆ ಸೋತರೂ ಪರಿಣಾಮ ಆಗದೇ ಇರಲಿಲ್ಲ. ಅಲ್ಲಿಯವರೆಗೆ ಮುಚ್ಚಿದ ಕೋಣೆಯಲ್ಲಿ ನಡೆಯುತ್ತಿದ್ದ ಫೋಕಸ್ ಗ್ರೂಪ್, ಸಲಹಾ ಸಂಸ್ಥೆ, ದಿರಿಸಿನ ಪಟ್ಟಿ ಇವೆಲ್ಲ ಸಾರ್ವಜನಿಕರ ಮುಂದೆ ಬಂದವು. ವಾರ್ತೆ ಹೇಳುವ ಹೆಂಗಸರು ಏನನ್ನೆಲ್ಲ ಸಹಿಸಬೇಕೆಂಬುದು ಮೊದಲ ಬಾರಿಗೆ ಅನೇಕರಿಗೆ ತಿಳಿಯಿತು.

ಇಂದಿಗೂ ಮುಗಿಯದ ಮಾತು

ಇದು ಹಳೆಯ ಕಾಲದ ಕಥೆ ಎಂದು ಯಾರಾದರೂ ಹೇಳಬಹುದು. ಹಾಗಲ್ಲ. ವಿಸ್ಕಾನ್ಸಿನ್ ರಾಜ್ಯದ ಲಾ ಕ್ರಾಸ್ ಎಂಬ ಊರಿನ ಸ್ಥಳೀಯ ನಿರೂಪಕಿ ಜೆನಿಫರ್ ಲಿವಿಂಗ್‌ಸ್ಟನ್ ಅವರಿಗೆ 2012ರಲ್ಲಿ ವೀಕ್ಷಕರೊಬ್ಬರು ಪತ್ರ ಬರೆದು, ನಿಮ್ಮಂಥ ದಪ್ಪ ಶರೀರದವರು ಎಳೆಯರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಒಳ್ಳೆಯ ಮಾದರಿಯಲ್ಲ ಎಂದರು. ಆಕೆ ಪ್ರಸಾರದಲ್ಲೇ ಆ ಪತ್ರಕ್ಕೆ ಉತ್ತರಿಸಿದರು. ತಾನು ದಪ್ಪವಿರುವುದು ತನಗೆ ತಿಳಿಯದ ಸಂಗತಿಯಲ್ಲ, ಆದರೆ ಮನೆಯಲ್ಲಿ ದೊಡ್ಡವರು ಆಡುವ ಇಂಥ ಮಾತನ್ನು ಕೇಳಿಯೇ ಮಕ್ಕಳು ಶಾಲೆಯಲ್ಲಿ ಇತರರನ್ನು ಹೀಯಾಳಿಸಲು ಕಲಿಯುತ್ತಾರೆ ಎಂಬುದು ಅವರ ಉತ್ತರದ ತಾತ್ಪರ್ಯ.

ಆಸ್ಟ್ರೇಲಿಯದ ಬೆಳಗ್ಗಿನ ಟಿ.ವಿ. ಕಾರ್ಯಕ್ರಮದ ನಿರೂಪಕ ಕಾರ್ಲ್ ಸ್ಟೆಫಾನೊವಿಕ್ ಒಂದು ಸ್ವಾರಸ್ಯಕರ ಪರೀಕ್ಷೆ ಮಾಡಿದರು. ತಮ್ಮ ಜೊತೆಗಾತಿಯ ಉಡುಪಿನ ಬಗ್ಗೆ ವೀಕ್ಷಕರು ಎಡೆಬಿಡದೆ ಟೀಕಿಸುವುದನ್ನು ಕಂಡು, ತಾವು ಒಂದೇ ನೀಲಿ ಸೂಟನ್ನು ಬಹುತೇಕ ಪ್ರತಿದಿನ ಒಂದು ವರ್ಷ ಧರಿಸಿದರು. ಯಾರೂ ಅದನ್ನು ಗಮನಿಸಲೇ ಇಲ್ಲ ಎಂದು 2014ರಲ್ಲಿ ಅವರೇ ಬಹಿರಂಗಪಡಿಸಿದರು.

ನ್ಯೂಯಾರ್ಕ್ ನಗರದ ಸ್ಥಳೀಯ ವಾಹಿನಿ ಎನ್‌ವೈ1ರ ಐವರು ಮಹಿಳಾ ನಿರೂಪಕರು 2019ರಲ್ಲಿ ವಯಸ್ಸು ಮತ್ತು ಲಿಂಗದ ಆಧಾರದಲ್ಲಿ ತಮ್ಮನ್ನು ಮೂಲೆಗೆ ತಳ್ಳಲಾಗುತ್ತಿದೆ ಎಂದು ದಾವೆ ಹೂಡಿದರು. ಅವರಲ್ಲಿ ರೋಮಾ ಟೊರ್ರೆ ಅವರು ವಾಹಿನಿ ಆರಂಭವಾದ 1992ರಿಂದಲೂ ಅಲ್ಲಿದ್ದವರು. ಕಂಪನಿ ಆರೋಪವನ್ನು ಅಲ್ಲಗಳೆಯಿತು. 2020ರ ಕೊನೆಯಲ್ಲಿ ರಾಜಿಯಾಯಿತು, ಐವರೂ ವಾಹಿನಿಯಿಂದ ಹೊರನಡೆದರು.

ನೋಡುಗರಾದ ನಾವು

ಈ ಪ್ರಕರಣವನ್ನು ಓದುವಾಗ ಕಂಪನಿಯ ಮೇಲೆ, ಸಲಹಾ ಸಂಸ್ಥೆಯ ಮೇಲೆ ಸಿಟ್ಟು ಬರುವುದು ಸಹಜ. ಆದರೆ ಆ ಕೋಣೆಯಲ್ಲಿ ಕುಳಿತು ಮಾತಾಡಿದವರು ಯಾರು? ಫೋನಿನಲ್ಲಿ ಉತ್ತರ ಕೊಟ್ಟ 400 ಮಂದಿ ಯಾರು? ಕಾನ್ಸಾಸ್ ಸಿಟಿಯ ಸಾಮಾನ್ಯ ಸಂಸಾರಸ್ಥರು. ಅವರಲ್ಲಿ ಹೆಂಗಸರೂ ಇದ್ದರು. ಆಕೆ ಓದಿದ ಸುದ್ದಿ ಸರಿಯಿತ್ತೋ ತಪ್ಪಿತ್ತೋ ಎನ್ನುವುದಕ್ಕಿಂತ ಆಕೆ ಹೇಗೆ ಕಾಣುತ್ತಾಳೆ ಎಂಬ ಪ್ರಶ್ನೆಗೆ ಅವರು ಸುಲಭವಾಗಿ ಉತ್ತರಿಸಿದರು. ವಾಹಿನಿ ಆ ಉತ್ತರವನ್ನು ಹಿಡಿದುಕೊಂಡು 'ಇದು ನಮ್ಮ ಮಾತಲ್ಲ, ಜನರ ಮಾತು' ಎಂದಿತು. ಹೀಗೆ ಒಬ್ಬರ ಕೆಲಸ ಹೋದಾಗ ಹೊಣೆ ಹೊರುವವರು ಯಾರೂ ಇರಲಿಲ್ಲ.

ನಮ್ಮ ಕರಾವಳಿಯ ಹೆಣ್ಣುಮಕ್ಕಳು ಇಂದು ಪತ್ರಿಕೋದ್ಯಮ ಓದುತ್ತಿದ್ದಾರೆ. ಊರಿನ ಕೇಬಲ್ ವಾಹಿನಿಯಲ್ಲೂ ರಾಜ್ಯಮಟ್ಟದ ಚಾನೆಲ್‌ಗಳಲ್ಲೂ ವಾರ್ತೆ ಓದುತ್ತಿದ್ದಾರೆ. ಅವರ ಕುರಿತು ಈಗ ಯಾರೂ ಕೋಣೆಯಲ್ಲಿ ಗುಂಪು ಕೂರಿಸಿ ಕೇಳಬೇಕಾಗಿಲ್ಲ, ನಮ್ಮ ಮೊಬೈಲ್‌ನಿಂದ ನಾವೇ ಬರೆದು ಕಳಿಸುತ್ತೇವೆ. ನಮ್ಮ ವಾರ್ಡಿನ ಸಭೆಯಲ್ಲಿ, ವಾರ್ಷಿಕೋತ್ಸವದಲ್ಲಿ ಕಾರ್ಯಕ್ರಮ ನಿರೂಪಣೆಗೆ ಯಾರನ್ನು ಆರಿಸುತ್ತೇವೆ? ಸ್ಪಷ್ಟವಾಗಿ ಮಾತಾಡುವ, ವಿಷಯ ತಿಳಿದ ಐವತ್ತರ ಅಕ್ಕನನ್ನೋ, ಅಥವಾ ವೇದಿಕೆಗೆ 'ಚಂದ ಕಾಣುವ' ಹುಡುಗಿಯನ್ನೋ? ಆಯ್ಕೆ ಸಮಿತಿಯಲ್ಲಿ ಇರುವವರು ಇದನ್ನು ತಮ್ಮೊಳಗೆ ಕೇಳಿಕೊಳ್ಳಬಹುದು.

ಇಂದು ರಾತ್ರಿ ವಾರ್ತೆ ನೋಡುವಾಗ ಮನೆಯಲ್ಲಿ ಮಕ್ಕಳು ಪಕ್ಕದಲ್ಲೇ ಕುಳಿತಿರುತ್ತಾರೆ. ಸುದ್ದಿ ಓದುತ್ತಿರುವ ಆ ಹೆಣ್ಣುಮಗಳ ಬಗ್ಗೆ ನಾವು ಆಡುವ ಮೊದಲ ಮಾತನ್ನು ಅವರೂ ಕೇಳಿಸಿಕೊಳ್ಳುತ್ತಾರೆ. ಆ ಮಾತು ಆಕೆ ಹೇಳಿದ ಸುದ್ದಿಯ ಬಗ್ಗೆ ಇರಲಿ.